ನಮ್ಮ ಜಿಲ್ಲೆಯ ಮೀಥೇನ್‌ನಲ್ಲಿ ಕೃಷಿಯ ಪಾಲು ಎಷ್ಟು? ವರ್ಷ ವರ್ಷದ ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಭೂಮಿಯನ್ನು ಬಿಸಿ ಮಾಡುವ ಮೀಥೇನ್ ಅನಿಲದ ವಿಷಯ ಬಂದರೆ ಜನ ದೇಶದ ಅಂಕಿಯನ್ನೇ ತಂದು ನಮ್ಮ ಜಿಲ್ಲೆಗೂ ಅಂಟಿಸಿಬಿಡುತ್ತಾರೆ. 2016ರ ಸರ್ಕಾರಿ ಲೆಕ್ಕದಲ್ಲಿ ಭಾರತದ ಮೀಥೇನ್‌ನ ಶೇ. 73.96 ಕೃಷಿಯದು, ಶೇ. 14.46 ತ್ಯಾಜ್ಯದ್ದು, ಶೇ. 10.62 ಇಂಧನದ್ದು, ಉಳಿದ ಚೂರು ಕೈಗಾರಿಕೆಯದು. ಅಂಕಿ ಸರಿಯೇ. ಆದರೆ ಅದರಲ್ಲಿ ಜಾರ್ಖಂಡದ ಕಲ್ಲಿದ್ದಲು ಗಣಿಯೂ ಇದೆ, ಬಂಗಾಳದ ನೀರು ನಿಂತ ಭತ್ತದ ಗದ್ದೆಯೂ ಇದೆ. ಇಂಡಿ ತಾಲ್ಲೂಕಿನಲ್ಲಿ ಅವೆರಡೂ ಇಲ್ಲ.

ಜಿಲ್ಲೆಯ ಲೆಕ್ಕವನ್ನು ನೀವೇ ಹಾಕಬಹುದು. ಕಂಪ್ಯೂಟರಿನಲ್ಲಿ ಒಂದು ಎಕ್ಸೆಲ್ ಹಾಳೆ, ಗುಣಾಕಾರ ಭಾಗಾಕಾರ, ಮತ್ತೆ ಕಚೇರಿಗಳಿಗೆ ಓಡಾಡುವ ತಾಳ್ಮೆ ಸಾಕು. ಕಾಲೇಜಿನ ಪ್ರಾಜೆಕ್ಟ್ ಮಾಡುವವರಿಗೆ, ಪತ್ರಿಕೆಗೆ ಬರೆಯುವವರಿಗೆ, ರೈತ ಉತ್ಪಾದಕ ಕಂಪನಿಯಲ್ಲಿ ಇರುವವರಿಗೆ ಇದು ಕೆಲಸಕ್ಕೆ ಬರುತ್ತದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಪಾಲು ಅನ್ನುವುದು ಬಲು ಮೋಸದ ಸಂಖ್ಯೆ. ಕೊಟ್ಟಿಗೆಯಲ್ಲಿ ಏನೂ ಬದಲಾಗದೆ ಪಾಲು ಏರಬಹುದು, ಇಳಿಯಬಹುದು. ಹಾಗಾಗಿ ಶೇಕಡಾ ಲೆಕ್ಕ ಕೊನೆಗೆ, ಮೊದಲು ಟನ್ ಲೆಕ್ಕ.

ಹಂತ 1: ಗಡಿ ಹಾಕಿಕೊಳ್ಳಿ

ಯಾವ ಜಿಲ್ಲೆ, ಯಾವ ವರ್ಷದಿಂದ ಯಾವ ವರ್ಷಕ್ಕೆ? ಸುಲಭ ಅನ್ನಿಸುತ್ತದೆ ಅಲ್ವಾ? ಆದರೆ ಬಾಗಲಕೋಟೆ ಜಿಲ್ಲೆ ಹುಟ್ಟಿದ್ದೇ 1997ರಲ್ಲಿ, ಅದಕ್ಕೂ ಮೊದಲು ಅದು ಅಖಂಡ ವಿಜಾಪುರದ ಭಾಗ. 1997ಕ್ಕಿಂತ ಹಿಂದಿನ ವಿಜಾಪುರದ ಎಮ್ಮೆಗಳನ್ನು ಈಗಿನ ವಿಜಯಪುರದ ಎಮ್ಮೆಗಳ ಪಕ್ಕ ಇಟ್ಟರೆ ಅರ್ಧ ಜಿಲ್ಲೆಯ ದನಕರು ಒಂದೇ ರಾತ್ರಿಯಲ್ಲಿ ಮಾಯವಾದಂತೆ ಕಾಣುತ್ತದೆ. ಅಷ್ಟು ಹಿಂದೆ ಹೋಗಲೇಬೇಕು ಅಂದರೆ ಎರಡೂ ಜಿಲ್ಲೆಗಳನ್ನು ಕೂಡಿಸಿ ಒಂದೇ ಘಟಕ ಅಂತ ತಗೊಳ್ಳಿ.

ತಾಲ್ಲೂಕು ಮಟ್ಟದಲ್ಲಿ ತಲೆನೋವು ಇನ್ನೂ ಜಾಸ್ತಿ. ನಿಪ್ಪಾಣಿ, ಕಾಗವಾಡ, ಮೂಡಲಗಿ, ಇಳಕಲ್, ಗುಳೇದಗುಡ್ಡ, ತಿಕೋಟಾ, ಬಬಲೇಶ್ವರ, ಚಡಚಣ, ಇವೆಲ್ಲ ಈಚೆಗೆ ಆದ ತಾಲ್ಲೂಕುಗಳು. ಹಳೇ ಚಿಕ್ಕೋಡಿ ತಾಲ್ಲೂಕಿನ ಅಂಕಿಯನ್ನು ಈಗಿನ ಚಿಕ್ಕೋಡಿಗೆ ಹೋಲಿಸಲು ಬರುವುದಿಲ್ಲ. ಹೊಸ ತಾಲ್ಲೂಕುಗಳನ್ನು ಅವುಗಳ ಮೂಲ ತಾಲ್ಲೂಕಿಗೆ ಸೇರಿಸಿ ಲೆಕ್ಕ ಹಾಕಿ. ಮೊದಲ ಸಲ ಮಾಡುವವರಿಗೆ ನನ್ನ ಸಲಹೆ: ಜಿಲ್ಲಾ ಮಟ್ಟ, 2003ರಿಂದ ಈಚೆಗೆ. ಅಲ್ಲಿಗೆ ನಿಲ್ಲಿಸಿ.

ಹಂತ 2: ಯಾವುದು ಕೃಷಿ, ಯಾವುದು ಅಲ್ಲ

ಮನಸ್ಸಿಗೆ ಬಂದಂತೆ ಹಂಚಬೇಡಿ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2006ರಲ್ಲಿ ಕೊಟ್ಟ ಮಾರ್ಗಸೂಚಿಯನ್ನೇ ಎಲ್ಲ ದೇಶಗಳೂ ಹಿಡಿಯುವುದು, ನಾವೂ ಅದನ್ನೇ ಹಿಡಿಯೋಣ. ಅದರ ಪ್ರಕಾರ ಕೃಷಿಯ ಖಾನೆಗೆ ಬರುವುದು ನಾಲ್ಕು: ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಿಂದ ಬರುವುದು, ಸಗಣಿ ಗೊಬ್ಬರದಿಂದ ಬರುವುದು, ನೀರು ನಿಂತ ಭತ್ತದ ಗದ್ದೆಯಿಂದ ಬರುವುದು, ಹೊಲದಲ್ಲೇ ಬೆಳೆ ಉಳಿಕೆ ಸುಟ್ಟಾಗ ಬರುವುದು.

ನಮ್ಮ ಭಾಗದಲ್ಲಿ ಜಗಳ ಹುಟ್ಟುವುದು ಸಕ್ಕರೆ ಕಾರ್ಖಾನೆಯ ವಿಷಯಕ್ಕೆ. ಡಿಸ್ಟಿಲರಿಯ ಕಪ್ಪು ತ್ಯಾಜ್ಯ ನೀರು ಆಳದ ಹೊಂಡದಲ್ಲಿ ಗಾಳಿ ಇಲ್ಲದೆ ಕೊಳೆತರೆ ಮೀಥೇನ್ ಚೆನ್ನಾಗಿಯೇ ಬರುತ್ತದೆ. ಕಬ್ಬು ರೈತನದು, ಹೊಂಡ ಕಾರ್ಖಾನೆಯದು. ಲೆಕ್ಕದಲ್ಲಿ ಇದು ತ್ಯಾಜ್ಯದ ಖಾನೆಗೆ ಹೋಗುತ್ತದೆ, ಕೃಷಿಗಲ್ಲ. ಇದು ಸರಿಯೋ ತಪ್ಪೋ ಅಂತ ನೀವು ವಾದ ಮಾಡಬಹುದು, ನನಗೂ ಇದು ಪೂರ್ತಿ ಒಪ್ಪಿಗೆಯಿಲ್ಲ, ಆದರೆ ಒಂದು ವರ್ಷ ಕೃಷಿಯಲ್ಲಿ ಇನ್ನೊಂದು ವರ್ಷ ತ್ಯಾಜ್ಯದಲ್ಲಿ ಇಟ್ಟರೆ ಇಡೀ ಹೋಲಿಕೆಯೇ ಹಾಳು. ಹಾಗೆಯೇ ಒಲೆಗೆ ಹಾಕುವ ಕಟ್ಟಿಗೆ, ಕುಳ್ಳು: ಸಗಣಿ ಎಮ್ಮೆಯದೇ ಆದರೂ ಒಲೆಯಲ್ಲಿ ಉರಿದರೆ ಅದು ಇಂಧನದ ಖಾನೆ.

ಆಲಮಟ್ಟಿ, ಹಿಡಕಲ್, ನವಿಲುತೀರ್ಥ ಜಲಾಶಯಗಳ ನೀರಿನಿಂದಲೂ ಮೀಥೇನ್ ಬರುತ್ತದೆ. ಅದನ್ನು ಕೃಷಿಗೆ ಸೇರಿಸಬೇಡಿ. ಲೆಕ್ಕ ಹಾಕುವುದೇ ಆದರೆ ಬೇರೆ ಸಾಲಿನಲ್ಲಿ ಇಡಿ, ಇಲ್ಲದಿದ್ದರೆ "ಜಲಾಶಯ ಬಿಟ್ಟು" ಅಂತ ಟಿಪ್ಪಣಿ ಬರೆಯಿರಿ.

ಹಂತ 3: ದನಕರುಗಳ ಸಂಖ್ಯೆ ತನ್ನಿ

ಇಡೀ ಲೆಕ್ಕದ ದೊಡ್ಡ ಭಾಗ ಇದೇ, ಸಮಯ ಇಲ್ಲೇ ಕೊಡಿ.

ಜಾನುವಾರು ಗಣತಿ 1919ರಿಂದ ನಡೆಯುತ್ತಿದೆ. ನಮಗೆ ಬೇಕಾದ್ದು 2003, 2007, 2012, 2019ರ ಗಣತಿಗಳು, ಅಂದರೆ 17ರಿಂದ 20ನೆಯವು. 21ನೇ ಗಣತಿ 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಜಿಲ್ಲಾವಾರು ಅಂಕಿ ಪಶುಸಂಗೋಪನೆ ಇಲಾಖೆಯಲ್ಲಿ ಸಿಗುತ್ತದೆ. ರಾಜ್ಯದ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯ ಹೊರತರುವ "ಜಿಲ್ಲಾ ಅಂಕಿ ಅಂಶಗಳ ನೋಟ" ಪುಸ್ತಕದಲ್ಲೂ ಇರುತ್ತದೆ, ಆದರೆ ಅದರಲ್ಲಿ ದನ ಎಷ್ಟು, ಎಮ್ಮೆ ಎಷ್ಟು ಅಂತ ಒಟ್ಟು ಸಂಖ್ಯೆ ಮಾತ್ರ ಇದ್ದರೆ ಸಾಲದು. ಮಿಶ್ರತಳಿ ಎಷ್ಟು, ಜವಾರಿ (ನಾಟಿ ತಳಿ) ಎಷ್ಟು, ಹಾಲು ಕೊಡುವವು ಎಷ್ಟು, ಎತ್ತು ಎಷ್ಟು, ಕರು ಎಷ್ಟು, ಈ ವಿಂಗಡಣೆ ಬೇಕು. ಇದನ್ನೇ ಕೇಳಿ ತಗೊಳ್ಳಿ.

ಯಾಕೆ ಅಷ್ಟು ಹಟ? ಭಾರತ ಸರ್ಕಾರ 2010ರಲ್ಲಿ ಪ್ರಕಟಿಸಿದ 2007ರ ಹಸಿರುಮನೆ ಅನಿಲಗಳ ಲೆಕ್ಕದಲ್ಲಿ ಒಂದೊಂದು ಪ್ರಾಣಿಯ ಹೊಟ್ಟೆಯಿಂದ ವರ್ಷಕ್ಕೆ ಎಷ್ಟು ಕೆ.ಜಿ. ಮೀಥೇನ್ ಅಂತ ಕೊಟ್ಟಿದ್ದಾರೆ. ಈ ಸಂಖ್ಯೆಯನ್ನು ಗುಣಾಂಕ ಅನ್ನೋಣ. ಹಾಲು ಕೊಡುವ ಮಿಶ್ರತಳಿ ಆಕಳಿಗೆ 43, ಹಾಲು ಕೊಡುವ ಜವಾರಿ ಆಕಳಿಗೆ 28, ಹಾಲು ಕೊಡುವ ಎಮ್ಮೆಗೆ 50, ದೊಡ್ಡ ಜವಾರಿ ಎತ್ತಿಗೆ 32, ಒಂದು ವರ್ಷದೊಳಗಿನ ಜವಾರಿ ಕರುವಿಗೆ 9, ಕುರಿಗೆ 4, ಮೇಕೆಗೂ 4. ಅಂದರೆ ಮೀಥೇನ್ ಲೆಕ್ಕದಲ್ಲಿ ಒಂದು ಎಮ್ಮೆ ಹನ್ನೆರಡೂವರೆ ಕುರಿಗೆ ಸಮ. ಕರ್ನಾಟಕದಲ್ಲಿ 2012ರಿಂದ 2019ರ ನಡುವೆ ಎಮ್ಮೆಗಳು ಸುಮಾರು 35 ಲಕ್ಷದಿಂದ 30 ಲಕ್ಷಕ್ಕೆ ಇಳಿದವು, ಕುರಿಗಳು ಸುಮಾರು 96 ಲಕ್ಷದಿಂದ 1.1 ಕೋಟಿಗೆ ಏರಿದವು. ತಲೆ ಎಣಿಸಿದರೆ ಜಾನುವಾರು ಹೆಚ್ಚಾದವು ಅನ್ನಿಸುತ್ತದೆ, ಮೀಥೇನ್ ಎಣಿಸಿದರೆ ಕುರಿಗಳ ಏರಿಕೆ ಎಮ್ಮೆಗಳ ಇಳಿಕೆಯನ್ನು ತುಂಬಲಿಕ್ಕೆ ಸಾಲದು.

ಐಪಿಸಿಸಿಯ 2006ರ ಸಿದ್ಧ ಗುಣಾಂಕಗಳೂ ಇವೆ. ಭಾರತ ಉಪಖಂಡದ ಹಾಲಿನ ದನಕ್ಕೆ 58, ಉಳಿದ ದನಕ್ಕೆ 27, ಎಮ್ಮೆಗೆ 55, ಕುರಿ ಮೇಕೆಗೆ 5. ಹತ್ತು ಸಾವಿರ ಜವಾರಿ ಹಾಲಿನ ಆಕಳಿದ್ದರೆ ಐಪಿಸಿಸಿ ಲೆಕ್ಕದಲ್ಲಿ 580 ಟನ್, ನಮ್ಮ ದೇಶದ ಲೆಕ್ಕದಲ್ಲಿ 280 ಟನ್. 2003ಕ್ಕೆ ಒಂದು, 2019ಕ್ಕೆ ಇನ್ನೊಂದು ಹಾಕಿದರೆ ಒಂದೂ ಆಕಳನ್ನು ಮಾರದೆ ಅರ್ಧ ಮೀಥೇನ್ ಇಳಿಸಿದ ಪುಣ್ಯ ಬರುತ್ತದೆ! ಯಾವುದನ್ನಾದರೂ ಆರಿಸಿ, ಎಲ್ಲ ವರ್ಷಕ್ಕೂ ಅದನ್ನೇ ಬಳಸಿ. ನನ್ನ ಮತ ದೇಶದ ಗುಣಾಂಕಕ್ಕೆ. ಕಣಿಕೆ, ಹೊಟ್ಟು, ಕಬ್ಬಿನ ಸೋಗೆ ತಿನ್ನುವ ಸಣ್ಣ ಮೈಕಟ್ಟಿನ ದನಕ್ಕೆ ಅದೇ ಹತ್ತಿರ.

ಇನ್ನೊಂದು ದಾರಿಯೂ ಇದೆ, ಸ್ವಲ್ಪ ಕಷ್ಟದ್ದು. ಪ್ರಾಣಿ ದಿನಕ್ಕೆ ತಿನ್ನುವ ಮೇವಿನ ಒಟ್ಟು ಶಕ್ತಿಯನ್ನು ಮೆಗಾಜೂಲ್‌ನಲ್ಲಿ ತಗೊಂಡು, ಅದರ ಶೇ. 6.5 ಮೀಥೇನ್ ಆಗಿ ಹೋಗುತ್ತದೆ ಅಂತ ಹಿಡಿದು, 365ರಿಂದ ಗುಣಿಸಿ, 55.65ರಿಂದ (ಒಂದು ಕೆ.ಜಿ. ಮೀಥೇನ್‌ನಲ್ಲಿರುವ ಮೆಗಾಜೂಲ್) ಭಾಗಿಸಬೇಕು. ದಿನಕ್ಕೆ 150 ಮೆಗಾಜೂಲ್ ತಿನ್ನುವ ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಆಕಳಿಗೆ ವರ್ಷಕ್ಕೆ ಸುಮಾರು 64 ಕೆ.ಜಿ. ಬರುತ್ತದೆ. 43 ಎಲ್ಲಿ, 64 ಎಲ್ಲಿ! ಸಿದ್ಧ ಗುಣಾಂಕದ ದೊಡ್ಡ ಕೊರತೆ ಇದೇ. ಹೆಚ್ಚು ತಿಂದು ಹೆಚ್ಚು ಹಾಲು ಕೊಡುವ ಇವತ್ತಿನ ಆಕಳಿಗೂ, ಇಪ್ಪತ್ತು ವರ್ಷದ ಹಿಂದಿನ ಮಿಶ್ರತಳಿ ಆಕಳಿಗೂ ಅದು ಒಂದೇ ಸಂಖ್ಯೆ ಕೊಡುತ್ತದೆ. ಹೈನುಗಾರಿಕೆ ಜೋರಾಗಿರುವ ತಾಲ್ಲೂಕಿನವರು ಮಿಶ್ರತಳಿ ಆಕಳಿಗೆ ಮಾತ್ರವಾದರೂ ಈ ದಾರಿ ಹಿಡಿಯುವುದು ಒಳ್ಳೆಯದು.

ಗಣತಿಗಳ ನಡುವಿನ ವರ್ಷಗಳಿಗೆ ನೇರ ಗೆರೆ ಎಳೆಯಿರಿ. 2012ರಲ್ಲಿ 20,000 ಎಮ್ಮೆ, 2019ರಲ್ಲಿ 17,000 ಇದ್ದರೆ ವರ್ಷಕ್ಕೆ ಸುಮಾರು 429 ಕಡಿಮೆ. 2015ಕ್ಕೆ ಸುಮಾರು 18,700. ಆದರೆ ಬರ, ನೆರೆ, ರೋಗ ಬಂದ ವರ್ಷಗಳು ಈ ಗೆರೆಯಲ್ಲಿ ಕಾಣುವುದಿಲ್ಲ. 2022ರಲ್ಲಿ ಚರ್ಮಗಂಟು ರೋಗ ಬಂದು ನಮ್ಮ ಕಡೆ ಎಷ್ಟೋ ದನಗಳು ಹೋದವು. 2019 ಮತ್ತು ಹೊಸ ಗಣತಿಯ ನಡುವೆ ಎಳೆದ ಗೆರೆ ಅದನ್ನು ನುಂಗಿಹಾಕುತ್ತದೆ. ಅಂಥ ವರ್ಷಕ್ಕೆ ನಕ್ಷತ್ರ ಗುರುತು ಹಾಕಿ ಕೆಳಗೆ ಬರೆಯಿರಿ. ಕುರಿಗಳದೂ ಒಂದು ತೊಡಕಿದೆ. ನಮ್ಮ ಕುರಿಗಾರರು ಮೇವು ಹುಡುಕಿಕೊಂಡು ತಿಂಗಳುಗಟ್ಟಲೆ ಬೇರೆ ಜಿಲ್ಲೆಗಳಲ್ಲಿ ಇರುತ್ತಾರೆ. ಕುರಿ ಯಾವ ಊರಿನ ಲೆಕ್ಕದಲ್ಲಿದೆಯೋ ಅಲ್ಲೇ ಬಿಡಿ, ಬೆನ್ನು ಹತ್ತಲು ಹೋಗಬೇಡಿ.

ಹಂತ 4: ಸಗಣಿ

ಬೇಗ ಮುಗಿಯುವ ಕೆಲಸ. ಸಗಣಿ ತಿಪ್ಪೆಯಲ್ಲಿ ಒಣಗಿದರೆ, ಕುಳ್ಳು ತಟ್ಟಿದರೆ ಮೀಥೇನ್ ಕಡಿಮೆ. ನೀರಿನ ಜೊತೆ ಹೊಂಡಕ್ಕೆ ಹೋಗಿ ಕೊಳೆತರೆ ಜಾಸ್ತಿ. ನಮ್ಮಲ್ಲಿ ಬಹುಪಾಲು ತಿಪ್ಪೆಯೇ. ಐಪಿಸಿಸಿ ಗುಣಾಂಕದಲ್ಲಿ ಹಾಲಿನ ದನಕ್ಕೆ 5, ಎಮ್ಮೆಗೆ 5, ಉಳಿದ ದನಕ್ಕೆ 2, ಕುರಿಗೆ 0.2 ಕೆ.ಜಿ. ಅಂತ ಹಿಡಿದು ಮುಂದೆ ಹೋಗಿ.

ಹಂತ 5: ಭತ್ತ ಮತ್ತು ಕಬ್ಬಿನ ರವದಿ

ವಿಜಯಪುರದವರು ಭತ್ತದ ಸಾಲನ್ನು ಹೆಚ್ಚುಕಡಿಮೆ ಖಾಲಿ ಬಿಡಬಹುದು. ಬೆಳಗಾವಿಯವರಿಗೆ ಆಗುವುದಿಲ್ಲ, ಖಾನಾಪುರ ಇದೆ, ಬೆಳಗಾವಿ ತಾಲ್ಲೂಕಿನ ಭತ್ತದ ಊರುಗಳಿವೆ. ಇಲ್ಲಿ ಗದ್ದೆ ಎಷ್ಟು ಹೆಕ್ಟೇರ್ ಅನ್ನುವುದಕ್ಕಿಂತ ನೀರು ಹೇಗೆ ನಿಲ್ಲುತ್ತದೆ ಅನ್ನುವುದೇ ಮುಖ್ಯ. ಹಂಗಾಮು ಪೂರ್ತಿ ನೀರು ನಿಂತರೆ ಹೆಕ್ಟೇರ್‌ಗೆ 162 ಕೆ.ಜಿ., ನಡುವೆ ಒಂದು ಸಲ ಗದ್ದೆ ಒಣಗಿದರೆ 66, ಹಲವು ಸಲ ಒಣಗಿದರೆ 18, ಮಳೆ ಆಶ್ರಯದ ಬರಪೀಡಿತ ಗದ್ದೆಗೂ 66, ನೀರೇ ನಿಲ್ಲದ ಏರು ಹೊಲಕ್ಕೆ ಸೊನ್ನೆ. ಸಾವಿರ ಹೆಕ್ಟೇರ್ ಗದ್ದೆ 162 ಟನ್ ಆಗಬಹುದು, 18 ಟನ್ನೂ ಆಗಬಹುದು. ಖಾನಾಪುರದ ಮಳೆ ಗದ್ದೆಗೆ 162 ಹಾಕಿಬಿಡುವ ಮೊದಲು ಅಲ್ಲಿನ ರೈತರನ್ನು ಒಂದು ಮಾತು ಕೇಳಿ: ನಾಟಿಯಿಂದ ಕೊಯ್ಲಿನ ತನಕ ಮಡಿ ಎಷ್ಟು ಸಲ ಬಿರಿಯುತ್ತದೆ?

ಕಬ್ಬಿನ ಹೊಲದಲ್ಲಿ ಬೆಂಕಿ ಹಾಕಿದಾಗ ಬರುವುದು ಹೆಕ್ಟೇರ್‌ಗೆ ಇಷ್ಟು: ಉರಿಯುವ ಒಣ ರವದಿ (ಕಬ್ಬಿನ ಒಣಗಿದ ಎಲೆ) 6.5 ಟನ್, ಟನ್ನಿಗೆ 2.7 ಕೆ.ಜಿ. ಮೀಥೇನ್, ಒಟ್ಟು ಸುಮಾರು 17.5 ಕೆ.ಜಿ. ಇವೆರಡೂ ಐಪಿಸಿಸಿ ಅಂಕಿಗಳೇ. ನಿಜವಾದ ಕಷ್ಟ ಎಷ್ಟು ಹೆಕ್ಟೇರ್ ಉರಿಯಿತು ಅನ್ನುವುದು. ಬೆಳೆ ಕ್ಷೇತ್ರ ಕೃಷಿ ಇಲಾಖೆಯಲ್ಲಿ ಸಿಗುತ್ತದೆ, ಬೆಂಕಿಯ ಲೆಕ್ಕ ಯಾರೂ ಬರೆದಿಡುವುದಿಲ್ಲ. ನಾಸಾದ ಫರ್ಮ್ಸ್ ಜಾಲತಾಣದಲ್ಲಿ ಉಪಗ್ರಹ ಕಂಡ ಬೆಂಕಿಯ ಚುಕ್ಕಿಗಳು ಪುಕ್ಕಟೆ ಸಿಗುತ್ತವೆ. ಆದರೆ ಉಪಗ್ರಹ ತಲೆ ಮೇಲೆ ಹಾಯುವುದು ದಿನಕ್ಕೆ ಕೆಲವೇ ಸಲ, ಎರಡು ಎಕರೆಯ ರವದಿ ಸಂಜೆ ಹಚ್ಚಿದರೆ ಅರ್ಧ ಗಂಟೆಯಲ್ಲಿ ಬೂದಿ. ಎಷ್ಟೋ ಬೆಂಕಿಗಳು ತಪ್ಪಿಹೋಗುತ್ತವೆ. ಹಾಗಾಗಿ ಅಥಣಿ, ರಾಯಬಾಗ, ಮುಧೋಳ, ಜಮಖಂಡಿ ಕಡೆಯ ಬೇರೆ ಬೇರೆ ಊರುಗಳಲ್ಲಿ ರೈತರನ್ನೂ ಕಬ್ಬು ಕಡಿಯುವ ಗ್ಯಾಂಗಿನವರನ್ನೂ ಕೇಳಿ. ಕಡಿಯುವ ಮೊದಲೇ ಸುಡುತ್ತಾರಾ, ಕಡಿದ ಮೇಲೆ ರವದಿ ಸುಡುತ್ತಾರಾ, ಪುಡಿ ಮಾಡಿ ಸಾಲಿಗೆ ಹಾಕುತ್ತಾರಾ? ನೂರಕ್ಕೆ ಇಷ್ಟರಿಂದ ಇಷ್ಟು ಅಂತ ಕೆಳಮಿತಿ ಮೇಲ್ಮಿತಿ ಎರಡನ್ನೂ ಬರೆದುಕೊಳ್ಳಿ. ಒಂದು ವಿಷಯ ಗೊತ್ತಿರಲಿ, ರವದಿ ಬೆಂಕಿಯಿಂದ ಹೊಗೆಯೂ ಮಣ್ಣಿನ ನಷ್ಟವೂ ದೊಡ್ಡದು, ಆದರೆ ಮೀಥೇನ್ ಲೆಕ್ಕದಲ್ಲಿ ಅದು ಎಮ್ಮೆಯ ಮುಂದೆ ಸಣ್ಣದು. ಒಂದು ಹೆಕ್ಟೇರ್ ರವದಿ ಸುಟ್ಟರೆ ಬರುವುದು ಒಂದು ಎಮ್ಮೆ ನಾಲ್ಕು ತಿಂಗಳಲ್ಲಿ ಬಿಡುವಷ್ಟು.

ಹಂತ 6: ಕೃಷಿ ಅಲ್ಲದ್ದನ್ನೂ ಅಷ್ಟೇ ಶ್ರದ್ಧೆಯಿಂದ ಲೆಕ್ಕ ಹಾಕಿ

ಬಹಳ ಜನ ಇಲ್ಲಿ ಸೋಮಾರಿತನ ಮಾಡುತ್ತಾರೆ. ಪಾಲು ಅಂದರೆ ಭಾಗಾಕಾರ. ಕೆಳಗಿನ ಸಂಖ್ಯೆ ಸಡಿಲವಾದರೆ ಮೇಲಿನದನ್ನು ಎಷ್ಟು ಚೊಕ್ಕ ಮಾಡಿದರೂ ಉತ್ತರ ಸಡಿಲವೇ.

ಇಂಧನದಲ್ಲಿ ನಮಗೆ ಗಣಿ ಇಲ್ಲ, ತೈಲ ಬಾವಿ ಇಲ್ಲ. ಕೂಡಗಿಯ ಉಷ್ಣ ವಿದ್ಯುತ್ ಸ್ಥಾವರಕ್ಕೆ ಬರುವ ಕಲ್ಲಿದ್ದಲಿನ ಗಣಿಯ ಮೀಥೇನ್ ಗಣಿ ಇರುವ ಜಿಲ್ಲೆಯ ಲೆಕ್ಕಕ್ಕೆ ಹೋಗುತ್ತದೆ, ಇಲ್ಲಿ ಉರಿದಾಗ ಬರುವ ಮೀಥೇನ್ ತೀರಾ ಕಡಿಮೆ. ಉಳಿಯುವುದು ಒಲೆ. ಒಂದು ಟನ್ ಕಟ್ಟಿಗೆಗೆ ಸುಮಾರು 4.7 ಕೆ.ಜಿ. ಮೀಥೇನ್. ಎಷ್ಟು ಮನೆಗಳಲ್ಲಿ ಗ್ಯಾಸ್, ಎಷ್ಟರಲ್ಲಿ ಕಟ್ಟಿಗೆ ಅನ್ನುವುದು 2015-16 ಮತ್ತು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳಲ್ಲಿ ಜಿಲ್ಲಾವಾರು ಇದೆ. ಉಜ್ವಲ ಯೋಜನೆ ಬಂದದ್ದು 2016ರ ಮೇನಲ್ಲಿ, ಅದರ ಹಿಂದು ಮುಂದಿನ ಚಿತ್ರ ಈ ಎರಡರಲ್ಲಿ ಸಿಗುತ್ತದೆ. ಆದರೆ ಗ್ಯಾಸ್ ಇರುವ ಮನೆಯಲ್ಲೂ ನೀರು ಕಾಯಿಸಲು, ರೊಟ್ಟಿ ಬಡಿಯಲು ಕಟ್ಟಿಗೆಯೇ ಉರಿಯುತ್ತದೆ ಅಂತ ನಿಮಗೂ ಗೊತ್ತು.

ಇನ್ನು ಶೌಚಾಲಯ. ಒಬ್ಬ ಮನುಷ್ಯನ ಮಲಮೂತ್ರದ ಕೊಳೆಯುವ ಭಾಗ ದಿನಕ್ಕೆ 34 ಗ್ರಾಂ, ವರ್ಷಕ್ಕೆ 12.4 ಕೆ.ಜಿ. ಒಂದು ಕೆ.ಜಿ. ಪೂರ್ತಿ ಗಾಳಿ ಇಲ್ಲದೆ ಕೊಳೆತರೆ 0.6 ಕೆ.ಜಿ. ಮೀಥೇನ್. ಸೆಪ್ಟಿಕ್ ಟ್ಯಾಂಕಿನಲ್ಲಿ ಅದರ ಅರ್ಧ ಅಂತ ಹಿಡಿಯುತ್ತಾರೆ. ಅಂದರೆ ತಲೆಗೆ ವರ್ಷಕ್ಕೆ 3.7 ಕೆ.ಜಿ., ಒಂದು ಕುರಿಗೆ ಹತ್ತಿರ! ಒಣ ಪ್ರದೇಶದ ಗುಂಡಿ ಶೌಚಾಲಯಕ್ಕೆ ಇದರ ಐದನೇ ಒಂದು ಭಾಗ. ಬಯಲಿಗೆ ಹೋಗುತ್ತಿದ್ದಾಗ ಮೀಥೇನ್ ಹೆಚ್ಚುಕಡಿಮೆ ಇರಲೇ ಇಲ್ಲ, 2014ರ ನಂತರ ಶೌಚಾಲಯ ಕಟ್ಟಿದ ಮೇಲೆ ಬಂತು. ಶೌಚಾಲಯ ಬೇಡ ಅಂತಲ್ಲ ಮತ್ತೆ! ಲೆಕ್ಕದಲ್ಲಿ ತ್ಯಾಜ್ಯದ ಸಾಲು ಯಾಕೆ ಏರಿತು ಅಂತ ಗೊತ್ತಿರಬೇಕು ಅಷ್ಟೇ. ಜನಸಂಖ್ಯೆಗೆ 2011ರ ಜನಗಣತಿಯೇ ಗತಿ: ಬೆಳಗಾವಿ 47.8 ಲಕ್ಷ, ವಿಜಯಪುರ 21.8 ಲಕ್ಷ, ಬಾಗಲಕೋಟೆ 18.9 ಲಕ್ಷ.

ಬೆಳಗಾವಿಯ ತುರಮುರಿಯಂಥ ಕಸದ ಜಾಗಕ್ಕೆ ಒಂದು ಎಚ್ಚರಿಕೆ. ಈ ವರ್ಷ ಹಾಕಿದ ಕಸ ಈ ವರ್ಷವೇ ಪೂರ್ತಿ ಕೊಳೆಯುವುದಿಲ್ಲ, ಹಲವು ವರ್ಷ ಮೀಥೇನ್ ಬಿಡುತ್ತಲೇ ಇರುತ್ತದೆ. ವರ್ಷ ವರ್ಷದ ಲೆಕ್ಕಕ್ಕೆ ಐಪಿಸಿಸಿಯದೇ ಒಂದು ಎಕ್ಸೆಲ್ ಹಾಳೆ ಸಿಗುತ್ತದೆ, ಹಿಂದಿನ ವರ್ಷಗಳ ಕಸದ ಟನ್ ಹಾಕಿದರೆ ಅದೇ ಹಂಚಿಕೊಡುತ್ತದೆ.

ಹಂತ 7: ಕೂಡಿಸಿ, ಭಾಗಿಸಿ, ಆಮೇಲೆ ಅನುಮಾನಪಡಿ

ಲೆಕ್ಕ ತೋರಿಸಲಿಕ್ಕೆ ಒಂದು ಕಾಲ್ಪನಿಕ ತಾಲ್ಲೂಕು ಇಟ್ಟುಕೊಳ್ಳೋಣ. ಅಂಕಿಗಳು ನಾನೇ ಹಾಕಿದವು, ಯಾವ ಊರಿನವೂ ಅಲ್ಲ.

ಮೊದಲ ವರ್ಷ: ಮಿಶ್ರತಳಿ ಹಾಲಿನ ಆಕಳು 4,000 (172 ಟನ್), ಜವಾರಿ ಹಾಲಿನ ಆಕಳು 10,000 (280 ಟನ್), ಹಾಲಿನ ಎಮ್ಮೆ 20,000 (1,000 ಟನ್), ಎತ್ತು 15,000 (480 ಟನ್), ಕುರಿ ಮೇಕೆ 60,000 (240 ಟನ್). ಹೊಟ್ಟೆಯ ಮೀಥೇನ್ 2,172 ಟನ್. ಸಗಣಿ 212, ಭತ್ತ 66, ರವದಿ 88. ಕೃಷಿ ಒಟ್ಟು 2,538. ಒಲೆ 470, ತ್ಯಾಜ್ಯ 300. ಎಲ್ಲ ಸೇರಿ 3,308 ಟನ್. ಕೃಷಿಯ ಪಾಲು ಶೇ. 76.7.

ಹದಿನೈದು ವರ್ಷದ ನಂತರ: ಮಿಶ್ರತಳಿ 10,000 (430), ಜವಾರಿ 6,000 (168), ಎಮ್ಮೆ 17,000 (850), ಟ್ರ್ಯಾಕ್ಟರ್ ಬಂದು ಎತ್ತು 7,000 (224), ಕುರಿ ಮೇಕೆ 90,000 (360). ಹೊಟ್ಟೆಯದು 2,032. ಸಗಣಿ 197, ಭತ್ತ 66, ರವದಿ 176. ಕೃಷಿ 2,471. ಒಲೆ 282ಕ್ಕೆ ಇಳಿಯಿತು, ತ್ಯಾಜ್ಯ 600ಕ್ಕೆ ಏರಿತು. ಒಟ್ಟು 3,353. ಪಾಲು ಶೇ. 73.7.

"ಕೃಷಿಯ ಪಾಲು ಮೂರು ಅಂಶ ಇಳಿಯಿತು" ಅಂತ ಸುದ್ದಿ ಬರೆಯಬಹುದು. ಆದರೆ ಕೃಷಿಯ ಮೀಥೇನ್ ನಿಜವಾಗಿ ಇಳಿದದ್ದು 67 ಟನ್, ಶೇ. 2.6 ಮಾತ್ರ. ಪಾಲು ಇಳಿಸಿದ್ದು ಸೆಪ್ಟಿಕ್ ಟ್ಯಾಂಕು. ತ್ಯಾಜ್ಯ 300ರಲ್ಲೇ ನಿಂತಿದ್ದರೆ ಪಾಲು ಶೇ. 80.9ಕ್ಕೆ ಏರುತ್ತಿತ್ತು, ದನಕರು ಅಷ್ಟೇ ಇದ್ದರೂ! ಅದಕ್ಕೇ ಟನ್ನಿನ ಗೆರೆ, ಪಾಲಿನ ಗೆರೆ ಎರಡನ್ನೂ ಒಂದರ ಕೆಳಗೆ ಒಂದು ಇಟ್ಟು ತೋರಿಸಿ. ಪಾಲು ಮಾತ್ರ ತೋರಿಸುವವರನ್ನು ನಾನು ನಂಬುವುದಿಲ್ಲ.

ಗುಣಾಂಕಗಳೇನೂ ಕಲ್ಲಿನ ಮೇಲೆ ಕೆತ್ತಿದವಲ್ಲ. ಎಮ್ಮೆಯ 50ರಲ್ಲಿ 17ರಷ್ಟು ಹೆಚ್ಚುಕಡಿಮೆ ಇರಬಹುದು ಅಂತ 2010ರ ಆ ಸರ್ಕಾರಿ ವರದಿಯೇ ಹೇಳುತ್ತದೆ. ಆದರೆ ಎರಡೂ ವರ್ಷಕ್ಕೆ ಅದೇ ಗುಣಾಂಕ ಹಾಕಿರುವುದರಿಂದ ತಪ್ಪು ಎರಡೂ ಕಡೆ ಒಂದೇ ದಿಕ್ಕಿಗೆ ವಾಲುತ್ತದೆ. ಏರಿತಾ ಇಳಿಯಿತಾ ಅನ್ನುವ ದಿಕ್ಕನ್ನು ನಂಬಬಹುದು, ಇಷ್ಟೇ ಟನ್ ಅಂತ ಎದೆ ತಟ್ಟಿ ಹೇಳಬಾರದು.

ಹಂತ 8: ಬೇರೆ ಲೆಕ್ಕದ ಜೊತೆ ಹೋಲಿಸಿ

ಯುರೋಪಿಯನ್ ಒಕ್ಕೂಟದ ಎಡ್ಗರ್ ಅನ್ನುವ ದತ್ತಾಂಶದಲ್ಲಿ 1970ರಿಂದ ಇಡೀ ಜಗತ್ತಿನ ಮೀಥೇನ್ ಇದೆ, ಸುಮಾರು 11 ಕಿ.ಮೀ. ಚೌಕಗಳಲ್ಲಿ, ಮೂಲವಾರು. ನಿಮ್ಮ ಜಿಲ್ಲೆಯ ಚೌಕಗಳನ್ನು ಕೂಡಿಸಿ ನೋಡಿ. ಆದರೆ ಅವರು ದೇಶದ ಒಟ್ಟು ಅಂಕಿಯನ್ನು ನಕ್ಷೆಯ ಮೇಲೆ ಹಂಚಿರುತ್ತಾರೆ, ನಿಮ್ಮ ಊರಿನ ಕೊಟ್ಟಿಗೆ ಎಣಿಸಿರುವುದಿಲ್ಲ. ಎರಡೂ ಒಂದೇ ಬರಬೇಕು ಅಂತಿಲ್ಲ, ಒಂದು ಇನ್ನೊಂದರ ಮೂರು ಪಟ್ಟು ಬಂದರೆ ಮಾತ್ರ ನಿಮ್ಮ ಹಾಳೆಯಲ್ಲಿ ಸೊನ್ನೆ ಜಾಸ್ತಿ ಬಿದ್ದಿದೆಯಾ, ಕೆ.ಜಿ. ಮತ್ತು ಟನ್ ಅದಲುಬದಲಾಗಿದೆಯಾ ನೋಡಿ.

ಸರ್ಕಾರಿ ವರದಿಯ ಅಂಕಿ ತರುವಾಗ ಇನ್ನೊಂದು ಬಲೆ ಇದೆ. ಅಲ್ಲಿ ಮೀಥೇನ್ ಅನ್ನು ಬಿಸಿ ಮಾಡುವ ಶಕ್ತಿಯ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡ್‌ಗೆ ಸಮ ಮಾಡಿ ಬರೆದಿರುತ್ತಾರೆ. 2016ರ ದೇಶದ ಮೀಥೇನ್ 40.9 ಕೋಟಿ ಟನ್ ಅಂತ ಇರುವುದು ಒಂದು ಟನ್ ಮೀಥೇನ್‌ಗೆ 21 ಟನ್ ಕಾರ್ಬನ್ ಡೈಆಕ್ಸೈಡ್ ಅಂತ ಹಿಡಿದು. 21ರಿಂದ ಭಾಗಿಸಿದರೆ ಸುಮಾರು 1.95 ಕೋಟಿ ಟನ್ ಮೀಥೇನ್. ಈಚಿನ ವರದಿಗಳಲ್ಲಿ ಬಳಸುವ 28ರಿಂದ ಭಾಗಿಸಿದರೆ 1.46 ಕೋಟಿ ಬಂದು, ಕಾಲುಭಾಗ ಮೀಥೇನ್ ಗಾಳಿಯಲ್ಲೇ ಕಳೆದುಹೋಗುತ್ತದೆ. ಯಾವ ವರದಿ, ಯಾವ ಗುಣಕ ಅಂತ ನೋಡಿ ಶುದ್ಧ ಟನ್‌ಗೆ ಇಳಿಸಿಕೊಂಡೇ ಹಾಳೆಗೆ ಹಾಕಿ.

ನಿಮ್ಮ ಜಿಲ್ಲೆಯ ಪಾಲು ದೇಶದ ಶೇ. 74ಕ್ಕಿಂತ ಜಾಸ್ತಿ ಬಂದರೆ ಗಾಬರಿ ಬೇಡ. ಗಣಿ, ತೈಲ ಬಾವಿ ಇಲ್ಲದ ಜಿಲ್ಲೆಯಲ್ಲಿ ಹಾಗೇ ಬರುತ್ತದೆ, ಅದರಿಂದ ನಮ್ಮ ರೈತರು ಹೆಚ್ಚು ಮೀಥೇನ್ ಬಿಡುತ್ತಾರೆ ಅಂತಾಗುವುದಿಲ್ಲ. ಮತ್ತೆ 21ನೇ ಗಣತಿಯ ಜಿಲ್ಲಾವಾರು ಅಂಕಿ ಕೈಗೆ ಬಂದ ದಿನ 2019ರ ನಂತರದ ಎಲ್ಲ ವರ್ಷಗಳನ್ನೂ ತೆಗೆದು ಹೊಸದಾಗಿ ಗೆರೆ ಎಳೆಯಿರಿ. ಹಳೇ ಹಾಳೆಯನ್ನು ಅಳಿಸಬೇಡಿ, ತಾರೀಖು ಹಾಕಿ ಬೇರೆ ಹೆಸರಲ್ಲಿ ಇಟ್ಟುಕೊಳ್ಳಿ, ಯಾರಾದರೂ ಕೇಳಿದರೆ ಏನು ಬದಲಾಯಿತು ಅಂತ ತೋರಿಸಬಹುದು.